ನಾನು ಓದದೆ ಬಿಟ್ಟ ಒಂದು ಸಾಲು

ಸರಕಾರಿ ಕಚೇರಿಯಲ್ಲಿ ಹನ್ನೊಂದು ವರುಷ ಫೈಲು ಕಟ್ಟಿ ಬಿಚ್ಚಿದ ಗುಮಾಸ್ತನೊಬ್ಬನು ಮೋಟಾರು ಯಂತ್ರದ ವಿಷಯ ಬರೆಯಹೊರಟರೆ ನಮ್ಮ ಸಂಘದ ಬಂಧುಗಳು ನಗುವುದು ಸಹಜ. ನಗಲಿ. ನಾನು ಬಿ.ಎ. ಓದಿದವನು, ಅದೂ ಇತಿಹಾಸ ಮತ್ತು ಅರ್ಥಶಾಸ್ತ್ರ. ನಮ್ಮ ಮನೆಯಲ್ಲಿ ಮಿಕ್ಸರು ಕೆಟ್ಟರೆ ಸ್ಕ್ರೂ ಡ್ರೈವರು ಹಿಡಿಯುವವಳು ನನ್ನ ಹೆಂಡತಿಯೇ ಹೊರತು ನಾನಲ್ಲ. ಆದರೂ ೨೦೨೩ರ ಮಳೆಗಾಲ ಮುಗಿದ ಮೇಲಿನ ಹತ್ತು ಭಾನುವಾರಗಳನ್ನು ಘಾಟ್ಕೋಪರಿನ ಒಂದು ಗ್ಯಾರೇಜಿನಲ್ಲಿ, ಎಣ್ಣೆ ಮೆತ್ತಿದ ನೆಲದ ಮೇಲೆ ಕಳೆದೆ. ಅಲ್ಲಿ ಕಲಿತದ್ದು ಬಹಳ. ಅಲ್ಲಿ ಮಾಡಿದ ತಪ್ಪು ಒಂದೇ, ಆದರೆ ದೊಡ್ಡದು. ಎರಡನ್ನೂ ಹೇಳಿಕೊಳ್ಳುವುದಕ್ಕೆ ಈ ಲೇಖನ.

ಗ್ಯಾರೇಜು ನನ್ನ ಭಾವನವರದು. ಗದಗಿನ ಕಡೆಯವರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಹುಬ್ಬಳ್ಳಿಯಲ್ಲಿ ಸ್ಪ್ಯಾನರು ಹಿಡಿದು, ಹತ್ತೊಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಬಂದರು. ಇಪ್ಪತ್ತು ವರುಷ ಬೇರೆಯವರ ಕೈಕೆಳಗೆ ದುಡಿದು, ೨೦೨೨ರಲ್ಲಿ ಸ್ವಂತ ಷೆಡ್ಡು ಬಾಡಿಗೆಗೆ ಹಿಡಿದರು. ಅದರ ಠೇವಣಿಗಾಗಿ ನನ್ನ ಅಕ್ಕ ಕೈಯ ನಾಲ್ಕು ಬಳೆಗಳನ್ನು ತೆಗೆದುಕೊಟ್ಟಳು. ಆ ಬಳೆಗಳ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ, ಎಲ್ಲರಿಗೂ ನೆನಪಿದೆ.

ಆ ಷೆಡ್ಡಿಗೆ ಬಂದ ಮೊದಲನೆಯ ದೊಡ್ಡ ಕೆಲಸ ೧೯೬೪ರ ಒಂದು ಷೆವ್ರೊಲೆ ಇಂಪಾಲ ಕಾರು. ನಮ್ಮ ಡೊಂಬಿವಲಿಯ ಮನೆಯ ಹಾಲಿಗಿಂತ ಉದ್ದ! ಅದರ ಯಜಮಾನರು ಉಡುಪಿ ಕಡೆಯ ಹಿರಿಯರು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಾಗಿ ಸೇರಿ ಹೋಟೆಲಿನ ಒಡೆಯರಾದವರು. ಹುಡುಗನಾಗಿದ್ದಾಗ ಈ ಕಾರು ಹೋಟೆಲಿನ ಮುಂದೆ ಬಂದು ನಿಲ್ಲುತ್ತಿತ್ತಂತೆ. ಅದರೊಳಗೆ ಕುಳಿತ ಗಿರಾಕಿಗೆ ಕಾಫಿ ಒಯ್ದು ಕೊಡುವುದು ಇವರ ಪಾಳಿ. ಮುಂದೆ ಕೈಯಲ್ಲಿ ನಾಲ್ಕು ಕಾಸು ಆದಾಗ ಅದೇ ಕಾರನ್ನು ಕೊಂಡುಕೊಂಡರು. ಅಷ್ಟರಲ್ಲಿ ಅದರ ಹೊಟ್ಟೆಯಲ್ಲಿ ಮೊದಲಿನ ಎಂಜಿನು ಉಳಿದಿರಲಿಲ್ಲ. ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಮುಂಬಯಿಯ ಎಷ್ಟೋ ದೊಡ್ಡ ಅಮೆರಿಕನ್ ಕಾರುಗಳ ಪೆಟ್ರೋಲ್ ಎಂಜಿನು ಕಿತ್ತು ಡೀಸೆಲ್ ಎಂಜಿನು ಕೂರಿಸಿದರು. ಈ ಕಾರಿಗೂ ಅದೇ ಗತಿಯಾಗಿತ್ತು. ಎಂಜಿನಿನ ಜೊತೆಗೆ ತಾನಾಗಿ ಗೇರು ಬದಲಿಸುವ ಪೆಟ್ಟಿಗೆಯೂ ಹೋಗಿ, ಕೈಗೇರು ಮತ್ತು ಕ್ಲಚ್ಚು ಬಂದಿದ್ದವು.

ಎರಡು ವರುಷದ ಹಿಂದೆ ಯಜಮಾನರಿಗೆ ಪಾರ್ಶ್ವವಾಯು ತಟ್ಟಿತ್ತು. ಕೈ ನೆಟ್ಟಗಾಯಿತು, ಮಾತು ನೆಟ್ಟಗಾಯಿತು; ಎಡಗಾಲು ಮಾತ್ರ ಸೋತೇ ಉಳಿಯಿತು. ಕ್ಲಚ್ಚು ಒತ್ತಲು ಬೇಕಾದದ್ದು ಅದೇ ಎಡಗಾಲು. ಅವರು ಭಾವನ ಹತ್ತಿರ ಬಂದು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ:

“ನನಗೆ ಕಾರು ಊರಿಗೆಲ್ಲ ತೋರಿಸ್ಲಿಕ್ಕೆ ಅಲ್ಲ ಮಾರಾಯ್ರೆ. ಮನೆಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಟುಂಗದ ದೇವಸ್ಥಾನದವರೆಗೆ ನಾನೇ ಓಡಿಸ್ಬೇಕು. ಡಾಕ್ಟ್ರು ಆಗಬಹುದು ಅಂದಿದ್ದಾರೆ. ಕ್ಲಚ್ಚು ಇಲ್ಲದ ಹಾಗೆ ಮಾಡಿ ಕೊಡಿ.”

ನನ್ನ ಪಾಲಿನ ಕೆಲಸ

ಎಂಜಿನು ಮತ್ತು ಗೇರ್ ಪೆಟ್ಟಿಗೆ ಎರಡನ್ನೂ ತೆಗೆದು ಬೇರೆ ಜೋಡಿಯನ್ನು ಕೂರಿಸುವುದೆಂದು ಗೊತ್ತಾಯಿತು. ಯಾರದೋ ಷೆಡ್ಡಿನಲ್ಲಿ ಮುರಿದು ಬಿದ್ದಿದ್ದ, ಎಪ್ಪತ್ತರ ದಶಕದ ಒಂದು ಷೆವ್ರೊಲೆ ನೋವಾ ಕಾರಿನಿಂದ ಆರು ಸಿಲಿಂಡರಿನ, ೨೫೦ ಘನ ಅಂಗುಲದ ಪೆಟ್ರೋಲ್ ಎಂಜಿನು ಸಿಕ್ಕಿತು. ಇಂಪಾಲದಲ್ಲಿ ಮೊದಲು ಇದ್ದ ೨೩೦ ಘನ ಅಂಗುಲದ ಎಂಜಿನು ಇದರ ಅಣ್ಣನೇ, ಒಂದೇ ವಂಶ. ಎಂಜಿನಿನ ಬೆನ್ನಿಗೆ ‘ಟರ್ಬೊ ಹೈಡ್ರಮ್ಯಾಟಿಕ್ ೩೫೦’ ಎಂಬ ಮೂರು ಗೇರಿನ ಸ್ವಯಂಚಾಲಿತ ಪೆಟ್ಟಿಗೆ. ಜನರಲ್ ಮೋಟಾರ್ಸ್ ಕಂಪನಿಯು ಇದನ್ನು ೧೯೬೯ರ ಕಾರುಗಳಲ್ಲಿ ಮೊದಲು ಕೊಟ್ಟಿತು.

ಇಲ್ಲಿ ನನಗೆ ಎರಡು ಕೆಲಸ ಬಂದವು. ಮೊದಲನೆಯದು ನನ್ನ ಜಾತಿಯದೇ, ಅಂದರೆ ಕಾಗದದ್ದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ಇಂಥ ಬದಲಾವಣೆಗೆ ನೋಂದಣಿ ಅಧಿಕಾರಿಯ ಅನುಮತಿ ಬೇಕು. ಮಾಡಿದ ಮೇಲೆ ಹದಿನಾಲ್ಕು ದಿನದೊಳಗೆ ವರದಿ ಒಪ್ಪಿಸಬೇಕು. ಅರ್ಜಿ ಬರೆಯುವುದರಲ್ಲಿ ನಾನು ಯಾರಿಗೂ ಸೋತವನಲ್ಲ. ಅದು ಸಾಂಗವಾಗಿ ನಡೆಯಿತು.

ಎರಡನೆಯದು ಓದುವ ಕೆಲಸ. ಭಾವನವರು ಕೈಗೇರಿನ ಪೆಟ್ಟಿಗೆಯನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲರು. ಆದರೆ ಸ್ವಯಂಚಾಲಿತ ಪೆಟ್ಟಿಗೆ ಅವರಿಗೆ ಇದೇ ಮೊದಲು. ಇಂಗ್ಲಿಷಿನಲ್ಲಿದ್ದ ದುರಸ್ತಿ ಪುಸ್ತಕದ ಝೆರಾಕ್ಸ್ ಹಾಳೆಗಳನ್ನು ತರಿಸಿದ್ದರು. ಅದನ್ನು ಓದಿ ಕನ್ನಡದಲ್ಲಿ ಹೇಳುವವನು ನಾನು; ಕೇಳಿ ಮಾಡುವವರು ಅವರು. “ತಮ್ಮಾ, ನೀ ಕಣ್ಣು, ನಾ ಕೈ,” ಎಂದು ಅವರು ನಕ್ಕಿದ್ದರು. ನನಗೂ ಅದು ಹೆಮ್ಮೆಯೆನಿಸಿತ್ತು.

ಹಂಡೆಯೊಳಗಿನ ಗುಟ್ಟು

ಕ್ಲಚ್ಚು ಇಲ್ಲದ ಕಾರಿನಲ್ಲಿ ಅದರ ಜಾಗದಲ್ಲಿ ಕೂರುವ ವಸ್ತುವಿಗೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ನೋಡಲು ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಹಚ್ಚಿ ಬೆಸೆದ ಹಾಗೆ, ಉಬ್ಬಿದ ಉಕ್ಕಿನ ಗೋಳ. ಭಾವನವರು ಮೊದಲ ದಿನವೇ ಅದಕ್ಕೆ ‘ಹಂಡೆ’ ಎಂದು ನಾಮಕರಣ ಮಾಡಿದರು. ಎಂಜಿನಿನ ಹಿಂದೆ ಕೂರುವ ತೆಳು ಉಕ್ಕಿನ ತಟ್ಟೆ ಫ್ಲೆಕ್ಸ್ ಪ್ಲೇಟು ‘ಹಪ್ಪಳ’ವಾಯಿತು. ನಾನೂ ಇಲ್ಲಿ ಅವೇ ಹೆಸರು ಬಳಸುತ್ತೇನೆ.

ಹಂಡೆಯೊಳಗೆ ಎಣ್ಣೆ ತುಂಬಿರುತ್ತದೆ, ಮೂರು ಚಕ್ರಗಳಿರುತ್ತವೆ. ಮೂರಕ್ಕೂ ರೆಕ್ಕೆಗಳು. ನಮ್ಮ ತಾಯಂದಿರು ಮಜ್ಜಿಗೆ ಕಡೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಡಗೋಲು ಗಡಿಗೆಯನ್ನು ಮುಟ್ಟುವುದೇ ಇಲ್ಲ. ಆದರೂ ಜೋರಾಗಿ ಕಡೆದರೆ ಗಡಿಗೆಯೂ ತಿರುಗಲು ನೋಡುತ್ತದೆ. ಅದಕ್ಕೇ ಅದನ್ನು ಸಿಂಬಿಯ ಮೇಲಿಟ್ಟು ಭದ್ರಪಡಿಸುವುದು. ಕಡಗೋಲಿನ ಬಲವನ್ನು ಗಡಿಗೆಗೆ ದಾಟಿಸಿದ್ದು ನಡುವಿನ ಮೊಸರು. ಹಂಡೆಯಲ್ಲಿಯೂ ಹೀಗೆಯೇ. ಎಂಜಿನು ಹಂಡೆಯ ಕವಚವನ್ನು ತಿರುಗಿಸುತ್ತದೆ. ಕವಚಕ್ಕೆ ಅಂಟಿದ ಮೊದಲ ಚಕ್ರದ ರೆಕ್ಕೆಗಳು ಎಣ್ಣೆಯನ್ನು ಹೊರಕ್ಕೆ ಬೀಸಿ ಎಸೆಯುತ್ತವೆ. ಆ ಎಣ್ಣೆ ಎದುರಿನ ಎರಡನೆಯ ಚಕ್ರದ ರೆಕ್ಕೆಗಳಿಗೆ ಬಡಿದು ಅದನ್ನು ತಿರುಗಿಸುತ್ತದೆ. ಈ ಎರಡನೆಯ ಚಕ್ರಕ್ಕೆ ಗೇರ್ ಪೆಟ್ಟಿಗೆಯ ದಂಡ ಸೇರಿದೆ. ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಎರಡನೆಯ ಚಕ್ರ ನಿಂತಿರುತ್ತದೆ, ಮೊದಲನೆಯದು ಮೆಲ್ಲಗೆ ತಿರುಗುತ್ತಿರುತ್ತದೆ. ನಡುವೆ ಎಣ್ಣೆ ಜಾರುತ್ತದೆ. ಆದ್ದರಿಂದ ಕ್ಲಚ್ಚು ಬೇಡ, ಎಂಜಿನು ಆರುವುದಿಲ್ಲ.

ಇಷ್ಟೇ ಆಗಿದ್ದರೆ ಅದು ಬಲ ದಾಟಿಸುವ ಯಂತ್ರವಾಗುತ್ತಿತ್ತು, ಹೆಚ್ಚಿಸುವ ಯಂತ್ರವಾಗುತ್ತಿರಲಿಲ್ಲ. ಮೂರನೆಯ ಚಕ್ರದ ಚಮತ್ಕಾರ ಅಲ್ಲಿದೆ. ಎರಡನೆಯ ಚಕ್ರಕ್ಕೆ ಬಡಿದು ಮರಳುವ ಎಣ್ಣೆಯ ದಿಕ್ಕು ಉಲ್ಟಾ ಆಗಿರುತ್ತದೆ. ಹಾಗೆಯೇ ಮೊದಲ ಚಕ್ರಕ್ಕೆ ಬಂದರೆ ಅದನ್ನು ತಡೆಯುತ್ತದೆ. ನಡುವೆ ನಿಂತ ಸಣ್ಣ ಚಕ್ರ, ಸ್ಟೇಟರು, ಆ ಎಣ್ಣೆಯನ್ನು ತಿರುವಿ, ಎಂಜಿನು ತಿರುಗುವ ದಿಕ್ಕಿಗೇ ಹಚ್ಚಿ ಕಳಿಸುತ್ತದೆ. ಇದರಿಂದ ಕಾರು ನಿಂತ ಸ್ಥಿತಿಯಿಂದ ಹೊರಡುವಾಗ ತಿರುಗಿಸುವ ಬಲ ಸುಮಾರು ಇಮ್ಮಡಿಯಾಗುತ್ತದೆ. ವೇಗ ಬಂದ ಮೇಲೆ ಸ್ಟೇಟರಿನ ಕೆಲಸ ಮುಗಿಯಿತು. ಆಗ ಅದು ಸೈಕಲ್ಲಿನ ಫ್ರೀವ್ಹೀಲಿನಂತೆ ತಾನೂ ಎಲ್ಲರೊಡನೆ ಸುಮ್ಮನೆ ತಿರುಗುತ್ತದೆ.

ಈ ಯುಕ್ತಿ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಜರ್ಮನಿಯ ಹರ್ಮನ್ ಫೊಟಿಂಗರ್ (೧೮೭೭–೧೯೪೫) ಎಂಬ ಎಂಜಿನಿಯರು ಸ್ಟೆಟಿನ್ ಪಟ್ಟಣದ ವುಲ್ಕನ್ ಹಡಗುಕಟ್ಟೆಯಲ್ಲಿದ್ದಾಗ ೧೯೦೫ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಆವಿಯ ಟರ್ಬೈನು ಬಹಳ ವೇಗವಾಗಿ ತಿರುಗುತ್ತದೆ, ಹಡಗಿನ ಹಿಂದಿನ ಪಂಖ ನಿಧಾನವಾಗಿ ತಿರುಗಬೇಕು. ಇವೆರಡರ ನಡುವೆ ಹೊಂದಾಣಿಕೆಗೆ ಅವರು ನೀರು–ಎಣ್ಣೆಯ ಮಧ್ಯಸ್ಥಿಕೆ ಹುಡುಕಿದರು. ಅಮೆರಿಕದ ಕಾರುಗಳಲ್ಲಿ ಬ್ಯೂಕ್ ಕಂಪನಿಯ ಡೈನಾಫ್ಲೋ ೧೯೪೮ರಲ್ಲಿಯೂ, ಷೆವ್ರೊಲೆಯ ಪವರ್‌ಗ್ಲೈಡ್ ೧೯೫೦ರಲ್ಲಿಯೂ ಟಾರ್ಕ್ ಕನ್ವರ್ಟರನ್ನು ಜನರ ಕೈಗೆ ತಂದವು. ನಮ್ಮ ದೇಶವೂ ಇದರಲ್ಲಿ ಸುಮ್ಮನೆ ಕೂತಿರಲಿಲ್ಲ. ಮನಮೋಹನ ಸೂರಿ ಎಂಬ ಎಂಜಿನಿಯರು ಇದೇ ತತ್ತ್ವದ ಮೇಲೆ ರೈಲಿಗಾಗಿ ರಚಿಸಿದ ‘ಸೂರಿ ಟ್ರಾನ್ಸ್‌ಮಿಷನ್’ ಪ್ರಸಿದ್ಧವಾಯಿತು; ೧೯೬೨ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಚಿತ್ತರಂಜನದಲ್ಲಿ ಕಟ್ಟಿದ ಡಬ್ಲ್ಯು.ಡಿ.ಎಸ್. ೪ ಎಂಬ ಷಂಟಿಂಗ್ ಎಂಜಿನುಗಳ ಹೊಟ್ಟೆಯಲ್ಲಿ ಇದ್ದುದು ಅದೇ.

ಆ ಭಾನುವಾರ

ಡೀಸೆಲ್ ಎಂಜಿನು ಇಳಿಸುವುದು, ಹೊಸದರ ಆಸರೆಗಳನ್ನು ಕೂರಿಸುವುದು, ಪ್ರೊಪೆಲರ್ ಶಾಫ್ಟನ್ನು ಲೇತಿಗೆ ಕಳಿಸಿ ಅಳತೆಗೆ ತರುವುದು ಇವೆಲ್ಲ ಮೊದಲ ನಾಲ್ಕು ಭಾನುವಾರಗಳ ಕಥೆ. ಹಪ್ಪಳದ ವಿಷಯದಲ್ಲಿಯೂ ಒಂದು ಸಣ್ಣ ಪಾಠವಾಯಿತು. ಷೆವ್ರೊಲೆ ಹಪ್ಪಳಗಳಲ್ಲಿ ಎರಡು ಬಗೆ: ೧೫೩ ಹಲ್ಲಿನದು, ೧೬೮ ಹಲ್ಲಿನದು. ಸ್ಟಾರ್ಟರು ಯಾವುದಕ್ಕೆ ತಕ್ಕದ್ದೋ ಹಪ್ಪಳವೂ ಅದೇ ಇರಬೇಕು. ಇಲ್ಲದಿದ್ದರೆ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ನಮ್ಮದು ೧೫೩. ಪುಣ್ಯಕ್ಕೆ ಸ್ಟಾರ್ಟರೂ ಅದರದೇ ಇತ್ತು.

ಐದನೆಯ ಭಾನುವಾರ ಹಂಡೆ ಕೂರಿಸುವ ದಿನ. ಅಂದು ಸೆಂಟ್ರಲ್ ರೈಲ್ವೆಯ ಮೆಗಾ ಬ್ಲಾಕು. ನಾನು ಗ್ಯಾರೇಜು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮನೆಯಲ್ಲಿ ಮಗಳಿಗೆ ಜ್ವರ. ಬೇಗ ಬರುತ್ತೇನೆಂದು ಹೇಳಿ ಬಂದಿದ್ದೆ. ಸಂಜೆ ಏಳಾದರೂ ಕೆಲಸ ಮುಗಿದಿರಲಿಲ್ಲ. ನನ್ನ ಒಂದು ಕಣ್ಣು ಹಾಳೆಯ ಮೇಲೆ, ಇನ್ನೊಂದು ಗಡಿಯಾರದ ಮೇಲೆ.

ನೆಲದ ಮೇಲಿದ್ದ ಪೆಟ್ಟಿಗೆಯ ದಂಡದ ಮೇಲೆ ಭಾವನವರು ಹಂಡೆಯನ್ನು ಏರಿಸಿದರು. ಒಂದು ಸಲ ‘ಟಕ್’ ಎಂದು ಒಳಕ್ಕೆ ಇಳಿಯಿತು.

“ಕೂತಿತು. ಮುಂದ ಏನೈತಿ ಓದು.”

ಪುಟ ಅಲ್ಲಿಗೆ ಮುಗಿದಿತ್ತು. ನಾನು ಹಾಳೆ ತಿರುವಿದೆ. ಮುಂದಿನ ಹಾಳೆಯ ನಡುವೆ ಒಂದು ಚಿತ್ರ, ಅದರ ಕೆಳಗೆ ಪೆಟ್ಟಿಗೆಯನ್ನು ಎಂಜಿನಿಗೆ ಜೋಡಿಸಿ ಬೋಲ್ಟು ಬಿಗಿಯುವ ಮಾತು. ಚಿತ್ರದ ಮೇಲೆ ಎರಡು–ಮೂರು ಸಾಲು ಇದ್ದವು. ಅವನ್ನು ಬಿಟ್ಟು ನೇರವಾಗಿ ಕೆಳಗಿನದನ್ನು ಓದಿದೆ.

ಟ್ರಾಲಿ ಜ್ಯಾಕಿನ ಮೇಲೆ ಪೆಟ್ಟಿಗೆ ಏರಿತು. ಎಂಜಿನಿನ ಬೆನ್ನಿಗೂ ಪೆಟ್ಟಿಗೆಯ ಬಾಯಿಗೂ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು. ಅಲ್ಲಾಡಿಸಿದರೂ ಮುಚ್ಚಲಿಲ್ಲ. ಭಾವನವರು ತಡೆದರು.

“ಯಾಕೋ ಬರವಲ್ದು. ಪುಸ್ತಕದಾಗ ಏನರ ಬರದಾರೇನು ನೋಡಪಾ.”

ನೋಡಬೇಕಾಗಿತ್ತು. ಆಗಲೂ ಸಮಯವಿತ್ತು. ಬೆನ್ನು ಹತ್ತಿದ ಜನರಿಗೆ ಕಚೇರಿಯಲ್ಲಿ ಹೇಳುವ ಧಾಟಿಯಲ್ಲಿಯೇ ಹೇಳಿಬಿಟ್ಟೆ: “ಬೋಲ್ಟು ಬಿಗೀಬೇಕು ಅಂತ ಐತಿ ಭಾವಾ, ಅಷ್ಟ.”

ಅವರು ನನ್ನ ಮಾತು ನಂಬಿದರು. ನಾಲ್ಕೂ ಕಡೆ ಬೋಲ್ಟು ಹಾಕಿ ಒಂದೊಂದೇ ಸುತ್ತು ಬಿಗಿದರು. ಸಂದು ಸಣ್ಣದಾಗುತ್ತ ಬಂತು. ಕೊನೆಯಲ್ಲಿ ಒಳಗೆ ಎಲ್ಲೋ ‘ಚಟ್’ ಎಂದಿತು. ತೆಂಗಿನಕಾಯಿಯ ಕರಟ ಬಿರಿದ ಹಾಗೆ. ಸಂದು ಪೂರ್ತಿ ಮುಚ್ಚಿತು. “ಕೂತಿತು ನೋಡು,” ಎಂದೆ ನಾನು. ಎಂಟೂ ಹತ್ತರ ಗಾಡಿ ಸಿಕ್ಕಿತು.

ಮುಂದಿನ ಭಾನುವಾರ ಎಣ್ಣೆ ತುಂಬಿ ಎಂಜಿನು ಎಬ್ಬಿಸಿದೆವು. ಎಂಜಿನು ಎದ್ದಿತು, ಆದರೆ ಪೆಟ್ಟಿಗೆಯೊಳಗಿಂದ ಕಬ್ಬಿಣ ಅರೆಯುವ ಸದ್ದು. ಗೇರಿಗೆ ಹಾಕಿದರೆ ಕಾರು ಕದಲಲಿಲ್ಲ. ಎರಡು ನಿಮಿಷದಲ್ಲಿ ಕಾರಿನ ಕೆಳಗೆ ಕೆಂಪೆಣ್ಣೆಯ ಕೆರೆ ನಿಂತಿತು. ಭಾವನವರು ಎಂಜಿನು ಆರಿಸಿ ಬಹಳ ಹೊತ್ತು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತರು. ಅಕ್ಕ ಕಳಿಸಿದ್ದ ರೊಟ್ಟಿಯ ಡಬ್ಬಿ ಅಂದು ಬಿಚ್ಚಲಿಲ್ಲ.

ಡಾಕಿನ ಅಜ್ಜ

ಅದೇ ಗಲ್ಲಿಯಲ್ಲಿ ಅಂಕೋಲೆಯ ಕಡೆಯ ಒಬ್ಬ ಹಿರಿಯರಿದ್ದಾರೆ. ಬಂದರಿನ ಡಾಕಿನಲ್ಲಿ ಫೋರ್ಕ್‌ಲಿಫ್ಟು ಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಭಾರ ಎತ್ತುವ ಆ ಗಾಡಿಗಳಲ್ಲಿಯೂ ಟಾರ್ಕ್ ಕನ್ವರ್ಟರು ಇರುತ್ತದೆ. ಎಲ್ಲರೂ ಅವರನ್ನು ಡಾಕಿನ ಅಜ್ಜ ಎನ್ನುತ್ತಾರೆ. ಪೆಟ್ಟಿಗೆ ಇಳಿಸಿ, ಹಂಡೆ ಎಳೆದು ತೆಗೆದಾಗ ಅವರು ಬ್ಯಾಟರಿ ಹಿಡಿದು ಒಳಗೆ ಇಣುಕಿದರು. ಎಣ್ಣೆಯ ಪಂಪಿನ ಹಲ್ಲುಚಕ್ರ ಎರಡು ತುಂಡಾಗಿತ್ತು. ಪಂಪಿನ ಕವಚವೂ ಬಿರಿದಿತ್ತು.

“ಪುಸ್ತಕ ಉಂಟಲ್ಲ? ಹಂಡೆ ಕೂರಿಸುವ ಜಾಗ ಓದು ನೋಡುವ,” ಎಂದರು ಅಜ್ಜ.

ಓದಿದೆ. ಈ ಸಲ ಚಿತ್ರದ ಮೇಲಿನ ಸಾಲುಗಳನ್ನೂ ಓದಿದೆ. ಹಂಡೆಯನ್ನು ತಿರುಗಿಸುತ್ತ ಒತ್ತುತ್ತ ಪಂಪಿನ ಹಿಡಿಗೆ ಪೂರ್ತಿ ಇಳಿಸಬೇಕು. ಇಳಿಯದೆ ಬೋಲ್ಟಿನ ಬಲದಿಂದ ಎಳೆದರೆ ಪಂಪು ಮುರಿಯುತ್ತದೆ. ಇದು ಅದರ ಸಾರಾಂಶ. ಓದುತ್ತ ಹೋದಂತೆ ನನ್ನ ದನಿ ಇಳಿಯುತ್ತ ಹೋಯಿತು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಭಾವನವರು ನನ್ನ ಮುಖ ನೋಡಲಿಲ್ಲ. ಹಾಳೆಗಳನ್ನು ಇಸಿದುಕೊಂಡು, ಎಣ್ಣೆ ತಾಗದಂತೆ ಮಡಿಸಿ ಬದಿಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಪಂಪು ಮುರಿದದ್ದೇಕೆ ಎಂಬುದನ್ನು ಅಜ್ಜ ಬಿಡಿಸಿ ಹೇಳಿದರು. ಸ್ವಯಂಚಾಲಿತ ಪೆಟ್ಟಿಗೆಯ ಪ್ರಾಣ ಎಣ್ಣೆಯ ಒತ್ತಡ. ಆ ಒತ್ತಡ ಕೊಡುವ ಪಂಪನ್ನು ತಿರುಗಿಸುವುದು ಹಂಡೆಯ ಕೊರಳು. ಕೊರಳಿನಲ್ಲಿ ಎದುರುಬದುರಾಗಿ ಎರಡು ಕಚ್ಚುಗಳಿವೆ. ಪಂಪಿನ ಹಲ್ಲುಚಕ್ರದಲ್ಲಿ ಎರಡು ಕಿವಿಗಳಿವೆ. ಕಿವಿ ಕಚ್ಚಿನೊಳಗೆ ಕೂರಬೇಕು. ಕೂರದಿದ್ದರೆ ಕೊರಳ ತುದಿ ಕಿವಿಯ ಮೇಲೆಯೇ ನಿಂತಿರುತ್ತದೆ. ಬೋಲ್ಟು ಬಿಗಿದಷ್ಟೂ ಎಂಜಿನಿನ ಕಡೆಯಿಂದ ಹಂಡೆಯನ್ನು ಪಂಪಿನ ಮೇಲೆ ಒತ್ತಿದ ಹಾಗೆ. ಬೋಲ್ಟಿನ ಬಲದ ಮುಂದೆ ಎರಕದ ಕಬ್ಬಿಣ ಎಷ್ಟು ತಾಳೀತು?

ಹೊಸ ಪಂಪು ಅಮೆರಿಕದಿಂದ ಬರಬೇಕು. ಸಾಗಣೆ, ಸುಂಕ, ಹೊಸ ಸೀಲುಗಳು, ಹೋದ ಎಣ್ಣೆ ಎಲ್ಲ ಸೇರಿ ಮೂವತ್ತೆಂಟು ಸಾವಿರ ರೂಪಾಯಿ. ಕಚೇರಿಯ ಕೋ-ಆಪರೇಟಿವ್ ಸೊಸೈಟಿಯಲ್ಲಿ ಸಾಲ ತೆಗೆದು ಭಾವನ ಕೈಯಲ್ಲಿಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಅಕ್ಕನಿಗೆ ಕೊಟ್ಟೆ, ಅವಳು ಸೆರಗಿನಲ್ಲಿ ಕಟ್ಟಿಕೊಂಡು, “ಅವರಿಗೆ ನಾ ಹೇಳತೇನಿ, ನೀ ಊಟಾ ಮಾಡು,” ಎಂದಳು.

ಯಜಮಾನರಿಗೆ ಭಾವನವರು “ಕೆಲಸದಾಗ ತಪ್ಪಾಗೇತ್ರಿ, ಒಂದು ತಿಂಗಳು ತಡಾ ಆಗತೈತಿ,” ಎಂದಷ್ಟೇ ಹೇಳಿದ್ದರು. ನನ್ನ ಹೆಸರು ಎತ್ತಿರಲಿಲ್ಲ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ನಾನೇ ಹೋಟೆಲಿಗೆ ಹೋಗಿ ಗಲ್ಲೆಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಕೇಳಿ, ಒಳಕ್ಕೆ ಎರಡು ಕಾಫಿಗೆ ಹೇಳಿದರು.

“ನಾನು ಕೆಲಸಕ್ಕೆ ಸೇರಿದ ವಾರವೇ ಒಂದು ಟ್ರೇ ಗಾಜಿನ ಲೋಟ ಒಡೆದಿದ್ದೆ. ಆಗಿನ ಧಣಿಗಳು ಸಂಬಳ ಹಿಡೀಲಿಲ್ಲ. ಮರುದಿನ ಅದೇ ಟ್ರೇ ನನ್ನ ಕೈಯಲ್ಲೇ ಕೊಟ್ರು. ನಿಮ್ಮ ಭಾವನವರೇ ಮಾಡ್ಲಿ. ಓದುವವರೂ ನೀವೇ ಆಗಿ.”

ಎರಡನೆಯ ಸಲ

ಪಂಪು ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಆ ಅವಧಿಯಲ್ಲಿ ಇಡೀ ಅಧ್ಯಾಯವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದೊಂದು ಸಾಲಿಗೆ ಒಂದೊಂದು ಕೆಲಸದಂತೆ ಬರೆದೆ. ಅದರ ಒಂದು ಪ್ರತಿ ಈಗಲೂ ಗ್ಯಾರೇಜಿನ ಗೋಡೆಯ ಮೇಲಿದೆ. ಅದರ ಪ್ರಕಾರ ನಡೆದದ್ದನ್ನು ಹೇಳುತ್ತೇನೆ. ಈ ಕಸುಬಿನ ಹುಡುಗರು ಯಾರಾದರೂ ನಮ್ಮ ಮನೆಗಳಲ್ಲಿದ್ದರೆ ಉಪಯೋಗವಾದೀತು.

ಮೊದಲು ಹಂಡೆಯನ್ನು ತೊಳೆಸಿ ಕಬ್ಬಿಣದ ಚೂರಿಲ್ಲದಂತೆ ಮಾಡಿಸಿ, ಅದರೊಳಗೆ ಸುಮಾರು ಒಂದು ಲೀಟರು ಗೇರೆಣ್ಣೆ ಹೊಯ್ದೆವು. ಬರಿದಾದ ಹಂಡೆಯಿಂದ ಆರಂಭಿಸಿದರೆ ಪಂಪು ಒಣಗಿ ಓಡುತ್ತದೆ. ಕೊರಳಿಗೂ ಪಂಪಿನ ಸೀಲಿಗೂ ಎಣ್ಣೆ ಸವರಿದೆವು. ಹಂಡೆಯ ಮೂತಿ ಕೂರುವ ಕ್ರಾಂಕಿನ ಕುಳಿಯ ತುಕ್ಕು ಒರೆಸಿ ತೆಳುವಾಗಿ ಗ್ರೀಸು ಹಚ್ಚಿದೆವು.

ಆಮೇಲೆ ಹಂಡೆಯನ್ನು ಪೆಟ್ಟಿಗೆಯ ದಂಡಕ್ಕೆ ಏರಿಸಿ, ಎರಡೂ ಅಂಗೈಯಿಂದ ಮೆಲ್ಲಗೆ ಒತ್ತುತ್ತ ಅತ್ತಿತ್ತ ತಿರುಗಿಸಬೇಕು. ಒಳಗೆ ಮೂರು ಹಿಡಿತಗಳಿವೆ: ಗೇರ್ ಪೆಟ್ಟಿಗೆಯ ದಂಡದ ಗೀರುಗಳು, ಸ್ಟೇಟರನ್ನು ಹಿಡಿಯುವ ಕೊಳವೆಯ ಗೀರುಗಳು, ಕೊನೆಗೆ ಪಂಪಿನ ಕಿವಿಗಳು. ಒಂದೊಂದು ಹಿಡಿತ ಸಿಕ್ಕಾಗಲೂ ಹಂಡೆ ಒಂದು ಮೆಟ್ಟಿಲು ಒಳಗೆ ಇಳಿಯುತ್ತದೆ. ಭಾವನವರು ಕಣ್ಣು ಮುಚ್ಚಿ ತಿರುಗಿಸುತ್ತಿದ್ದರು. ‘ಟಕ್’. ಅಜ್ಜ ಒಂದು ಬೆರಳು ಎತ್ತಿದರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ; ಎರಡು ಬೆರಳು. ಮೂರನೆಯದಕ್ಕೆ ಬಹಳ ಸತಾಯಿಸಿತು. ಹತ್ತು ನಿಮಿಷವಾಯಿತು. ನಾನು ಗಡಿಯಾರ ನೋಡಲಿಲ್ಲ. ಕೊನೆಗೆ ಭಾರವಾದ ‘ಠಕ್’ ಸದ್ದಿನೊಡನೆ ಹಂಡೆ ಒಳಗೆ ಸರಿಯಿತು. ಮೊದಲ ಸಲ ನಾವು ಕೇಳಿದ್ದು ಒಂದೇ ಸದ್ದು!

ಕಿವಿಯನ್ನಷ್ಟೇ ನಂಬದೆ ಅಳೆದೂ ನೋಡಿದೆವು. ಪೆಟ್ಟಿಗೆಯ ಬಾಯಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿ ಇಟ್ಟು, ಅಲ್ಲಿಂದ ಹಂಡೆಯ ಬೋಲ್ಟಿನ ಕಾಲುಗಳವರೆಗೆ ಎಷ್ಟು ಆಳವೆಂದು ನೋಡಿದರೆ, ಈ ಪೆಟ್ಟಿಗೆಯಲ್ಲಿ ಸುಮಾರು ಒಂದು ಅಂಗುಲಕ್ಕೆ ಕಡಮೆ ಇರಬಾರದು. ನಮಗೆ ಅದಕ್ಕಿಂತ ತುಸು ಹೆಚ್ಚೇ ಬಂತು. ಜ್ಯಾಕಿನ ಮೇಲೆ ಎತ್ತುವಾಗ ಹಂಡೆ ಮುಂದಕ್ಕೆ ಜಾರದಂತೆ ಒಂದು ಪಟ್ಟಿ ಕಟ್ಟಿದೆವು. ಜಾರಿದರೆ ಪಂಪಿನ ಹಿಡಿ ತಪ್ಪಿ ಮತ್ತೆ ಮೊದಲಿನ ಗತಿ.

ಈ ಸಲ ಪೆಟ್ಟಿಗೆ ಎಂಜಿನಿನ ಬೆನ್ನಿನ ಗೂಟಗಳಿಗೆ ಕೈಯ ಬಲಕ್ಕೇ ಬಂದು ಕೂತಿತು. ಬೋಲ್ಟು ಬರೇ ಭದ್ರ ಮಾಡುವುದಕ್ಕೆ, ಎಳೆಯುವುದಕ್ಕೆ ಅಲ್ಲ. ಬಿಗಿಯುವ ಮೊದಲೂ ಬಿಗಿದ ಮೇಲೂ ಹಂಡೆಯನ್ನು ಕೈಯಿಂದ ತಿರುಗಿಸಿ ನೋಡಿದೆವು, ಸರಾಗವಾಗಿ ತಿರುಗಿತು. ಹಂಡೆಗೂ ಹಪ್ಪಳಕ್ಕೂ ನಡುವೆ ೧/೮ರಿಂದ ೩/೧೬ ಅಂಗುಲದ ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಹಂಡೆ ಪಂಪಿನ ಮೇಲೆ ಒತ್ತಿ ಕೂತಿದೆ ಎಂದರ್ಥ. ಬಹಳ ಹೆಚ್ಚಾದರೆ ವಾಷರು ಇಟ್ಟು ತುಂಬಬೇಕು, ಏಕೆಂದರೆ ಹಂಡೆಯನ್ನು ಅಷ್ಟು ಮುಂದೆ ಎಳೆದರೆ ಪಂಪಿನ ಹಿಡಿ ಸಡಿಲವಾಗುತ್ತದೆ. ನಮಗೆ ೧/೮ಕ್ಕೆ ಸ್ವಲ್ಪ ಮೇಲೆ ಬಂತು. ಹಂಡೆಯನ್ನು ಅಷ್ಟೇ ಮುಂದೆ ಎಳೆದು, ಮೂರು ಬೋಲ್ಟುಗಳನ್ನು ೩೫ ಅಡಿ–ಪೌಂಡಿಗೆ ಬಿಗಿದೆವು. ಅಜ್ಜ ತಮ್ಮ ಕೈಯಿಂದ ಒಂದು ಸಲ ನೋಡಿ, “ಆಯ್ತು,” ಎಂದು ಬೀಡಿ ಹಚ್ಚಲು ಹೊರಗೆ ಹೋದರು.

ಎಣ್ಣೆಯದೂ ಒಂದು ಕ್ರಮವಿದೆ. ಹಂಡೆಯೊಳಗೆ ಎಣ್ಣೆ ಉಜ್ಜಿ ಬಿಸಿಯಾಗುವುದರಿಂದ ಅದನ್ನು ತಣಿಸಬೇಕು. ಡೀಸೆಲ್ ಕಾಲದ ರೇಡಿಯೇಟರಿನಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಬೇರೆ ಸಣ್ಣ ಕೂಲರು ಕೂರಿಸಿದೆವು. ಎಣ್ಣೆ ಒಂದೇ ಸಲಕ್ಕೆ ಸುರಿಯದೆ, ಎಂಜಿನು ಓಡುತ್ತಿರುವಾಗ ಸ್ವಲ್ಪಸ್ವಲ್ಪವೇ ಹಾಕುತ್ತ ಕಡ್ಡಿಯಿಂದ ಅಳೆಯಬೇಕು. ಪೂರ್ತಿ ಬರಿದಾದ ಪೆಟ್ಟಿಗೆಗೆ ಒಂಬತ್ತೂವರೆ ಲೀಟರಿನ ಸುಮಾರು ಹಿಡಿಯಿತು.

ಭಾವನವರು ಗೇರು ಹಾಕಿ ಬ್ರೇಕು ಬಿಟ್ಟರು. ಆಕ್ಸಿಲರೇಟರು ಒತ್ತಲೇ ಇಲ್ಲ. ಅರವತ್ತು ವರುಷದ ಮುದುಕಿ ಇಂಪಾಲ, ಗುಡಿಯ ತೇರು ಹೊರಡುವ ಹಾಗೆ, ತಾನಾಗಿ ಮುಂದಕ್ಕೆ ತೆವಳಿತು. ಭಾವನವರು ಕಿಟಕಿಯಿಂದ ತಲೆ ಹೊರಹಾಕಿ, “ತಮ್ಮಾ, ಮುಂದ ಏನೈತಿ ಓದು,” ಎಂದರು. ನನಗೆ ನಗು ಬರಲಿಲ್ಲ. ಕಣ್ಣು ತುಂಬಿ ಬಂತು.

ಯಜಮಾನರು ಗಲ್ಲಿಯಲ್ಲಿ ಎರಡು ಸುತ್ತು ಹೊಡೆದು ಅಭ್ಯಾಸ ಮಾಡಿಕೊಂಡರು. ಕಾಗದಗಳೆಲ್ಲ ಆದ ಮೇಲೆ, ಒಂದು ಭಾನುವಾರ ಬೆಳಗಿನ ಹೊತ್ತು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಟುಂಗಕ್ಕೆ ಹೋದರು. ಹಿಂದಿನ ಸೀಟಿನಲ್ಲಿ ಭಾವ, ಅಕ್ಕ, ನಾನು. ದಾರಿಯುದ್ದಕ್ಕೂ ಆ ತಾಯಿ ಒಂದು ಮ��ತೂ ಆಡಲಿಲ್ಲ; ಯಜಮಾನರ ಎಡಗಾಲನ್ನೇ ನೋಡುತ್ತಿದ್ದರು. ಅದು ಸುಮ್ಮನೆ, ಆರಾಮಾಗಿ, ಒಂದು ಕಡೆ ಕೂತಿತ್ತು. ಗುಡಿಯ ಮುಂದೆ ಇಳಿದಾಗ, “ಇನ್ನು ಪ್ರತಿ ಭಾನುವಾರ ಬರುವ,” ಎಂದರು.

ಸ್ವಯಂಚಾಲಿತ ಕಾರು ಈಗ ನಮ್ಮ ಅನೇಕ ಮನೆಗಳಲ್ಲಿದೆ. ಎಲ್ಲವೂ ಇದೇ ಬಗೆಯವಲ್ಲ. ಹಂಡೆಯಿರುವ ಕಾರಿದ್ದವರಿಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಎಂಜಿನು ಆರಿದರೆ ಸಾಮಾನ್ಯವಾಗಿ ಪಂಪೂ ಆರಿತು. ಆದ್ದರಿಂದ ಕೆಟ್ಟ ಕಾರನ್ನು ಗೇರ್ ಪೆಟ್ಟಿಗೆಗೆ ಸೇರಿದ ಗಾಲಿಗಳು ನೆಲದ ಮೇಲೆ ಉರುಳುವಂತೆ ದೂರ ಎಳೆಸಬೇಡಿ, ಎಣ್ಣೆಯಿಲ್ಲದೆ ಒಳಗಿನದೆಲ್ಲ ಸವೆಯುತ್ತದೆ. ಪೆಟ್ಟಿಗೆ ಬಿಚ್ಚಿಸಿದಿರಾದರೆ ಮೇಸ್ತ್ರಿಯನ್ನು ಕೇಳಿ: “ಬೋಲ್ಟು ಹಾಕುವ ಮೊದಲು ಹಂಡೆ ಕೈಯಿಂದ ತಿರುಗಿತೇ?” ಬಲ್ಲವನಾದರೆ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಸೊಸೈಟಿಯ ಸಾಲದ ಕಂತು ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಮುರಿಯುತ್ತಿದೆ. ಸಂಬಳದ ಚೀಟಿಯಲ್ಲಿ ಅದೂ ಒಂದು ಸಾಲು. ಅದನ್ನು ಮಾತ್ರ ನಾನು ಓದದೆ ಬಿಡುವುದಿಲ್ಲ. ಕಚೇರಿಯಲ್ಲಿ ಈಗ ಪ್ರತಿಯೊಂದು ಅರ್ಜಿಯನ್ನೂ ಬೆರಳಿಟ್ಟು ಓದುತ್ತೇನೆ. ಸಹೋದ್ಯೋಗಿಗಳು ನಿಧಾನವಾದೆ ಎನ್ನುತ್ತಾರೆ. ನಾನು ಓದದೆ ಬಿಟ್ಟ ಸಾಲಿನಲ್ಲಿ ಯಾರ ಅಕ್ಕನ ಬಳೆಗಳಿವೆಯೋ, ಹೇಗೆ ಹೇಳಲಿ?